ಕೇಳುವ ಮೊದಲೇ ಹಿಡಿದ ವೀಳ್ಯ

೨ ಮಾರ್ಚ್ ೧೯೭೫, ಭಾನುವಾರ, ಸಂಜೆ

ಕಲಾಭಿಮಾನಿಗಳೇ, ಮಾತೆಯರೇ, ಹಿಂದಿನ ಸಾಲಿನಲ್ಲಿ ಬೀಡಿ ಸೇದುತ್ತಿರುವ ಮಹನೀಯರೇ! ಗಲಾಟೆ ನಿಲ್ಲಲಿ! — ಯಾರಿಗೆ ಹೇಳುತ್ತಿದ್ದೇನೆ? ಎದುರಿಗಿರುವುದು ಹೊಲಿಗೆ ಮಿಷನ್ನು, ಅದರ ಮೇಲೆ ಈ ಡೈರಿ. ಇರಲಿ. ಕಂಪನಿ ನಾಟಕ ನೋಡಿ ಬೆಳೆದವನು. ಪರದೆ ಎತ್ತದೆ ಬರೆಯಲಾರೆ.

ದಿನವಿಡೀ ಷರ್ಟುಗಳಿಗೆ ಕಾಜ. ಬೇಸಿಗೆ ಬಂತು, ಹಳ್ಳಿಗಳಿಂದ ಕರೆ ಬರುವ ಕಾಲ. ಆಗ ದರ್ಜಿ ಜಹಾಂಗೀರ್ ನಾಟಕದ ಮೇಷ್ಟ್ರಾಗುತ್ತಾನೆ.

ಆದರೆ ಚಿಂತೆ. ಶಿಕಾರಿಪುರದ ಈ ಮಹಡಿ ಮನೆಯ ಭೋಗ್ಯ ತಿಂಗಳ ಕೊನೆಗೆ ಮುಗಿಯುತ್ತದೆ. ಇಡಿಗಂಟು ಕೊಟ್ಟು, ಬಾಡಿಗೆಯಿಲ್ಲದೆ ಇದ್ದೇವೆ. ಓನರು ಸೊರಬದ ಚಂದ್ರಶೇಖರಪ್ಪನವರು. ಅವಧಿ ಮುಂದುವರಿಸಿ ಎಂದು ಹೇಳಿ ಕಳಿಸಿದ್ದೆ. ಉತ್ತರವಿಲ್ಲ.

ನಮಗೆ ಎಲ್ಲಾದರೂ ಆದೀತು. ಅಮ್ಮನಿಗೆ? ಕಣ್ಣು ಹೋಗಿ ವರ್ಷಗಳಾದವು — ಈ ಮನೆಯೊಳಗೆ ಮಾತ್ರ ಹೋಗಿಲ್ಲ. ಗೋಡೆ ಸವರುತ್ತ ಹೋಗಿ ಒಲೆ ಹಚ್ಚುತ್ತಾಳೆ. ಮೆಟ್ಟಿಲಿಳಿದು ಪಕ್ಕದ ಮನೆಯ ಜಗಳ ಬಿಡಿಸಿ ಬರುತ್ತಾಳೆ. ಖತೀಜಾಬಿ ಕುರುಡಿ ಎಂದರೆ ಬೀದಿಯವರೇ ನಂಬುವುದಿಲ್ಲ.

೯ ಮಾರ್ಚ್, ಭಾನುವಾರ

ಅಯ್ಯೋ ನನ್ನ ನಾಲಿಗೆಯೇ!

ಬೆಳಿಗ್ಗೆ ಚಂದ್ರಶೇಖರಪ್ಪನವರು ಬಂದರು. ಜೊತೆಗೆ ಕುಪ್ಪಗಡ್ಡೆಯ ಉಜ್ಜಪ್ಪ — ಹೋದ ವರ್ಷದಿಂದ ‘ನಮ್ಮೂರ ಹುಡುಗರಿಗೆ ನಾಟಕ ಕಲಿಸಿ’ ಎಂದು ಬೆನ್ನು ಬಿದ್ದವನು. ಕೈಯಲ್ಲಿ ತಟ್ಟೆ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಮೇಷ್ಟ್ರ ಮುಂದೆ ಅಂಥ ತಟ್ಟೆ ಬಂದರೆ ಅರ್ಥ ಒಂದೇ. ವೀಳ್ಯ ಹಿಡಿದವನು ನಾಟಕ ಆಡಿಸಿಯೇ ತೀರಬೇಕು. ಬಿಡುವಂತಿಲ್ಲ.

ಅವರು ಬಾಯಿ ತೆರೆಯುವ ಮೊದಲೇ ಎದ್ದೆ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡೆ. ತೊಲೆ ನಡುಗುವಂತೆ — “ಒಪ್ಪಿದೆ! ಒಪ್ಪಿದೆ! ಒಪ್ಪಿದೆ!”

ಒಳಗಿನಿಂದ ನನ್ನ ಹೆಂಡತಿ ಗುಲ್ಶನ್: “ಏನ್ರೀ, ಇನ್ನೊಂದು ನಿಕಾಹ್ ಆತೇನು?”

ಚಂದ್ರಶೇಖರಪ್ಪನವರು ನಿರಾಳವಾಗಿ ಉಸಿರು ಬಿಟ್ಟರು. “ಎಂಥ ದೊಡ್ಡ ಮನಸ್ಸು ಮಾರಾಯ್ರೆ! ಹೇಗೆ ಕೇಳೋದು ಅಂತ ದಾರಿಯುದ್ದಕ್ಕೂ ಒದ್ದಾಡಿದೀನಿ. ಮಗಳು ನೀಲಾಂಬಿಕಂಗೆ ಇಲ್ಲಿನ ಸ್ಕೂಲಿಗೆ ಟ್ರಾನ್ಸ್‌ಫರ್ ಆಗಿದೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿಕೊಟ್ರೆ ಸಾಕು. ನಿಮ್ಮ ಗಂಟು ಅವತ್ತೇ ಕೈಗೆ.”

ಕಹಿ ಮಾತು, ಬರಿಗೈಯಲ್ಲಿ ಆಡಬಾರದೆಂದು ಎಲೆ ಅಡಿಕೆ ತಂದಿದ್ದರು. ಉಜ್ಜಪ್ಪ ಬಂದದ್ದು ಸಾಕ್ಷಿಗೆ!

ನಾನು? ರಂಗದ ಮೇಲೆ ಎಂದೂ ಮಾತು ಮರೆಯದವನು, ತಟ್ಟೆಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟು ತೆಂಗಿನಕಾಯಿ ನೆಟ್ಟಗೆ ಮಾಡಿದೆ. ಹಿಡಿದ ವೀಳ್ಯ ಹಿಂದಕ್ಕೆ ಕೊಡುವುದೆ? ಕೊಡೋಣವೆಂದರೂ — ಅಮ್ಮ ಒಂದೆಲೆ ಮಡಚಿ ಬಾಯಿಗೆ ಹಾಕಿಕೊಂಡಾಗಿತ್ತು.

೧೧ ಮಾರ್ಚ್, ಮಂಗಳವಾರ

ಗುಲ್ಶನ್ ಮಾತು ಬಿಟ್ಟಿದ್ದಾಳೆ. ಬೈದರೆ ಚೆನ್ನಾಗಿತ್ತು.

ಕೆಳಗಿನ ಸೈಕಲ್ ಶಾಪಿನ ಹೂವಪ್ಪ: “ಸಾಬ್ರೇ, ಉಳೋನೇ ಹೊಲದೊಡೆಯ ಅಂತ ಕಾನೂನು ಬಂದೈತಿ. ಇರೋನೇ ಮನೆಯೊಡೆಯ ಅಂತ ನೀವೂ ಒಂದು ಅರ್ಜಿ ಒಗೀರಿ!” ನಕ್ಕೆ. ಮೆಟ್ಟಿಲು ಹತ್ತಿ ಬಂದೆ.

೧೬ ಮಾರ್ಚ್, ಭಾನುವಾರ

ಅಮ್ಮನನ್ನು ಕೈಹಿಡಿದು ಒಂದು ಮನೆ ನೋಡಲು ಹೋದೆ. ಒಳ್ಳೆಯ ಮನೆ. ಹಜಾರದ ನಡುವೆ ಕೈ ಬಿಟ್ಟೆ. ತಡಕಾಡಿದಳು. ಎಡಕ್ಕೆ… ಬಲಕ್ಕೆ… ಏನೂ ಸಿಗಲಿಲ್ಲ. ನಿಂತಲ್ಲೇ ಕುಳಿತುಬಿಟ್ಟಳು.

“ಬೇಟಾ, ಇಲ್ಲಿ ಗ್ವಾಡಿ ಎಲ್ಲೈತಿ?”

ದಾರಿಯಲ್ಲಿ ಮತ್ತೆ ಅವಳೇ ಸಮಾಧಾನ ಹೇಳಿದಳು: “ಕಲೀತೀನಿ ಬಿಡು. ನೀನು ಮಾತು ಕೊಟ್ಟೀಯಲ್ಲ.”

ದೀಪ ಆರಿಸುತ್ತೇನೆ.

೨೩ ಮಾರ್ಚ್, ಭಾನುವಾರ, ರಾತ್ರಿ ಊಟದ ಮೇಲೆ

ಇಷ್ಟು ದಿನ ಮಾನ ಅಡ್ಡ ಬಂದಿತ್ತು. ಬೆಳಿಗ್ಗೆ ಗಂಟುಮೂಟೆ ಕಟ್ಟಲು ಕೂತ ಅಮ್ಮನನ್ನು ಕಂಡು ಅದನ್ನು ಬದಿಗಿಟ್ಟೆ. ಸೊರಬದ ಬಸ್ಸು ಹತ್ತಿದೆ.

ಚಂದ್ರಶೇಖರಪ್ಪನವರ ಜಗಲಿಯಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಮೆಲ್ಲಗೆ. ಹಾಗೆ ಮೆಲ್ಲಗೆ ಮಾತಾಡಲು ನನಗೆ ಬರುತ್ತದೆಂದು ಗೊತ್ತಿರಲಿಲ್ಲ.

“ಅಂದ್ರೆ… ನಾಟಕಕ್ಕೆ ವೀಳ್ಯ ಅಂತ ಹಿಡಿದ್ರಾ?”

“ಹೌದು ಸ್ವಾಮಿ. ಮನೆ ಬಿಡೋದಕ್ಕೆ ಅಂತ ಗೊತ್ತಿದ್ರೆ ಕಾಲು ಹಿಡಿದು ಬೇಡ್ತಿದ್ದೆ.”

ಅವರು ನಗಲಿಲ್ಲ. ನಕ್ಕವಳು ಬಾಗಿಲ ಹಿಂದಿನ ನೀಲಾಂಬಿಕ. ಕಾಫಿ ಲೋಟ ಇಟ್ಟು ಅಪ್ಪನ ಕಡೆ ತಿರುಗಿದಳು.

“ಅವ್ರಿಗೆ ವೀಳ್ಯ ಯಾಕಂತ ಹೇಳ್ಲಿಲ್ಲ, ನನಗೆ ಮನೆ ಬಿಡಿಸ್ತೀನಿ ಅಂತ ಹೇಳ್ಲಿಲ್ಲ. ನಾನೊಬ್ಬಳು ಆ ಮಹಡೀಲಿ ಎಂತ ಮಾಡ್ಲಿ ಅಪ್ಪಾ? ಹೆಡ್‌ಮಿಸ್ಟ್ರೆಸ್ ರಾಜೇಶ್ವರಮ್ಮನವರ ಮನೇಲಿ ರೂಮಿದೆ, ಬಾ ಅಂದಿದಾರೆ. ಹೂಂ ಅಂದೂ ಆಯ್ತು.”

“ನನ್ನ ಕೇಳದೇನಾ?”

“ನೀವು ನನ್ನ ಕೇಳಿದ್ರಾ?”

ಆಹಾ! ಎಷ್ಟು ದ್ರೌಪದಿಯರಿಗೆ ಮಾತು ಕಲಿಸಿದ್ದೇನೆ — ಈ ಹದ ಯಾರಿಗೂ ಬಂದಿಲ್ಲ.

ಚಂದ್ರಶೇಖರಪ್ಪನವರು ಲೋಟ ಎತ್ತಿ ಕಾಫಿ ಮುಗಿಸಿದರು. ಆಮೇಲೆ: “ನೋಡಿ ಸಾಹೇಬ್ರೇ, ಹಿಡಿದ ವೀಳ್ಯ ಹಿಡಿದದ್ದೇ. ವಾಪಸ್ ತಗೊಳಲ್ಲ.” ನಾನು ಚಪ್ಪಲಿಯ ಕಡೆ ಕಾಲು ಚಾಚಿದೆ. “ಉಜ್ಜಪ್ಪನ ಹುಡುಗರಿಗೆ ಈ ಬೇಸಿಗೇಲಿ ನಾಟಕ ಕಲಿಸಿ. ಮನೆ ಇನ್ನೊಂದು ಅವಧಿಗೆ ನಿಮ್ಮದೇ. ಕರಾರು ಬರೆಸಿಕೊಂಡು ಬರ್ತೀನಿ. ನನ್ನ ಮಾತು ಸಾಕಲ್ಲ?”

ಸಾಕೆ? ಕಾಲಿಗೆರಗಲು ಬಗ್ಗಿದೆ, ತೋಳು ಹಿಡಿದು ಎಬ್ಬಿಸಿದರು. ಅಲ್ಲಾಹ್ ಅವರ ಮನೆ ತುಂಬಿರಿಸಲಿ. ಆ ಹುಡುಗಿಯ ನಾಲಿಗೆ ಇನ್ನಷ್ಟು ಚುರುಕಾಗಲಿ. ಶಿಕಾರಿಪುರದವರೆಗೂ ಬಸ್ಸಿನಲ್ಲಿ ಅಳುತ್ತಲೇ ಬಂದೆ. ಕಂಡಕ್ಟರು ಟಿಕೀಟು ಕೇಳಲು ಹೆದರಿದ.

ಗುಲ್ಶನ್‌ಗೆ ಹೇಳಿದೆ. ಅವಳು ಮೊದಲು ಹೊಡೆದಳು, ಆಮೇಲೆ ಅತ್ತಳು. ಬಡಿಸುವಾಗ ಮೊಟ್ಟೆ ನನ್ನ ತಟ್ಟೆಗೇ ಬಿತ್ತು.

ಅಮ್ಮ ಮಾತ್ರ ನಾನು ಬರುವ ಮೊದಲೇ ಮಲಗಿದ್ದಾಳೆ. ತಲೆದೆಸೆಯಲ್ಲಿ ಕಟ್ಟಿಟ್ಟ ಗಂಟು. ತನ್ನ ಸಾಮಾನೆಲ್ಲ ಅದರಲ್ಲಿ. ಎಬ್ಬಿಸಿ ಸಾರಲು ಬಾಯಿ ತುರಿಸುತ್ತಿದೆ. ಇಲ್ಲ. ಈ ದೃಶ್ಯಕ್ಕೆ ಮಾತು ಬೇಡ.

ನಾಳೆ ಬೆಳಿಗ್ಗೆ ಅವಳು ಏಳುವ ಮುಂಚೆ ಗಂಟು ಬಿಚ್ಚುತ್ತೇನೆ. ಜಪಮಣಿಯ ತಸ್ಬಿ ಕಿಟಕಿಯ ಮೊಳೆಗೆ. ಬಾಚಣಿಗೆ ಗೂಡಿಗೆ. ನೀರಿನ ಲೋಟ ಕಂಬದ ಪಕ್ಕ, ಇದ್ದಲ್ಲೇ. ಆಮೇಲೆ ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ — ಅವಳು ಎದ್ದು ಗೋಡೆಗೆ ಕೈ ಚಾಚಿ, ಮೊಳೆಯವರೆಗೆ ಬಂದು, ತಸ್ಬಿ ಅಲ್ಲೇ ಇರುವುದನ್ನು ಮುಟ್ಟಿ ತಿಳಿಯುವವರೆಗೆ.