ಹಜಾರದ ನಡುಗೋಡೆ

ಪ್ರೀತಿಯ ಅಮ್ಮ,

ಇನ್ನು ನೀನು ಅಕ್ಕನ ಮನೆಯಿಂದ ಹೊರಡಬಹುದು. ನಿನ್ನ ಗಾಲಿಕುರ್ಚಿ ಈಗ ನಿನ್ನ ಕೋಣೆಯವರೆಗೂ ಸಲೀಸಾಗಿ ಹೋಗುತ್ತದೆ.

ಹಜಾರದ ನಡುಗೋಡೆಯ ಪಕ್ಕದ ಇಕ್ಕಟ್ಟು ದಾರಿಯಲ್ಲಿ ಕುರ್ಚಿ ಹಿಡಿಸುತ್ತಿರಲಿಲ್ಲ. ಸರ್ಕಾರ ಪಾರಂಪರಿಕ ಕಟ್ಟಡವೆಂದು ಗುರುತಿಸಿದ ಮನೆ, ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ ಎಂದು ಹೆದರಿದ್ದೆ. ಪರಿಶೀಲನೆಗೆ ಬಂದ ಅಧಿಕಾರಿ ಗೋಡೆಯನ್ನು ತಟ್ಟಿ ನೋಡಿ, "ಇದು ಮನೆಯಷ್ಟು ಹಳೇದಲ್ವಲ್ಲ, ಯಾವಾಗ ಕಟ್ಟಿದ್ದು?" ಎಂದರು. ಅಪ್ಪ, ಚಿಕ್ಕಪ್ಪ ಮನೆ ಪಾಲು ಮಾಡಿಕೊಂಡಾಗ ಎಂದೆ. "ಹಾಗಾದ್ರೆ ಒಡೀರಿ. ಕಂಬಗಳಿಗೆ ಮಾತ್ರ ಪೆಟ್ಟು ಬೀಳ್ಬಾರ್ದು."

ಆಮೇಲೆ ಆಚೆ ಬದಿಯ ಚಿಕ್ಕಪ್ಪನನ್ನು ಕೇಳಲು ಹೋದೆ. ಅವರು, "ಒಡ್ಸಿಬಿಡಮ್ಮ. ಅಣ್ಣನ ಮೇಲಿನ ಸಿಟ್ಟಿಗೆ ಎಬ್ಬಿಸಿದ್ದು. ಅವನೇ ಹೋದ, ಇದೊಂದು ಗೂಟ ಹೊಡ್ಕೊಂಡು ನಿಂತಿದೆ" ಎಂದರು.

ನಿನ್ನನ್ನು ಕೇಳದೆ ಒಡೆಸಿದ್ದು ಸರಿಯೋ ತಪ್ಪೋ, ಇನ್ನೂ ಯೋಚಿಸುತ್ತಿದ್ದೇನೆ. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ ಎಂಬುದು ಮಾತ್ರ ಗೊತ್ತು.

ಗೋಡೆಯೊಳಗೆ ಅರ್ಧಂಬರ್ಧ ಹುದುಗಿದ್ದ ಮರದ ಕಂಬಗಳು ಹೊರಬಂದಿವೆ. ಒಂದು ಬದಿಗೆ ನಮ್ಮ ಹಸಿರು ಬಣ್ಣ, ಇನ್ನೊಂದು ಬದಿಗೆ ಅವರ ನೀಲಿ. ಎರಡನ್ನೂ ಕೆರೆದು ತೆಗೆಯಬೇಕಂತೆ. ನಮ್ಮ ಹಜಾರ ಇಷ್ಟು ದೊಡ್ಡದೆಂದು ನನಗೆ ತಿಳಿದೇ ಇರಲಿಲ್ಲ, ಅಮ್ಮ.

ಬರುವಾಗ ದಪ್ಪ ಹೊದಿಕೆ ತಾ, ಈಗ ಗಾಳಿ ಆ ತುದಿಯಿಂದ ಈ ತುದಿಗೆ ಬೀಸುತ್ತದೆ. ಬಾಗಿಲಲ್ಲಿ ಚಿಕ್ಕಪ್ಪ ನಿಂತಿರುತ್ತಾರೆ. ಅತ್ತಿಗೆಯ ಕುರ್ಚಿಯನ್ನು ತಾವೇ ತಳ್ಳುತ್ತಾರಂತೆ. ಅವರನ್ನು ಬೈಯುವುದಿದ್ದರೆ ಕೋಣೆ ತಲುಪಿದ ಮೇಲೆ ಬೈ.

ನಿನ್ನ ದಾರಿ ನೋಡುತ್ತಿರುವ
ಕಿರಿಮಗಳು