ಐವತ್ತೊಂದನೆಯ ಪದರ

ನೀರಲಕೊಪ್ಪ,
ಸನ್ ೨೨೧೪, ಹತ್ತನೆಯ ತಿಂಗಳು, ಮೂವತ್ತಾರನೆಯ ದಿನ.

ಶ್ರೀ ಪತ್ತಾರ ಮಾಸ್ತರರಿಗೆ, ನೀವು ಕಲಿಸಿದ ಶಾಲೆಯಲ್ಲೇ ಈಗ ಚಿತ್ರಕಲೆ ಕಲಿಸುತ್ತಿರುವ ಕಸ್ತೂರಿ ಹೂಗಾರ ಮಾಡುವ ನಮಸ್ಕಾರಗಳು.

ಮೂವತ್ತಾರನೆಯ ದಿನ ಎಂದು ಓದಿ, ಈ ಹೆಂಗಸಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಕೊನೆಗೆ ಐದು ದಿನ ಉಳಿಯುತ್ತವೆ. ಅವು ಯಾವ ತಿಂಗಳಿಗೂ ಸೇರಿದವಲ್ಲ. ಅವನ್ನು ಬಿಡುದಿನ ಎನ್ನುತ್ತೇವೆ. ನಾಳೆ ಮೊದಲನೆಯ ಬಿಡುದಿನ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಒರಟಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಶಾಲೆಯ ಕಪಾಟಿನಲ್ಲಿ ಉಳಿದಿದ್ದ ಹಳೆಯ ಸುತ್ತೋಲೆಗಳಿಂದ. ಆದ್ದರಿಂದ ನಡುನಡುವೆ 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂಬ ಧಾಟಿ ಬಂದರೆ ತಪ್ಪು ನನ್ನದಲ್ಲ, ನಿಮ್ಮ ಇಲಾಖೆಯದು.

ಮೊದಲು ನಮ್ಮ ಶಾಲೆಯ ಸಂಗತಿ ಹೇಳುತ್ತೇನೆ. ನೀವು ಕೇಳದಿದ್ದರೂ ಹೇಳುತ್ತೇನೆ, ನಾನಾಗಿದ್ದರೆ ಖಂಡಿತ ಕೇಳುತ್ತಿದ್ದೆ. ಈಗ ಬಿಸಿಲು ಬಹಳ. ಬೆಳಗಿನ ಐದರಿಂದ ಒಂಬತ್ತರವರೆಗೆ ತಂಪುಗಂಟೆ, ಶಾಲೆ ನಡೆಯುವುದು ಅಷ್ಟೇ ಹೊತ್ತು. ಮಧ್ಯಾಹ್ನ ಊರಿಗೆ ಊರೇ ಕದ ಹಾಕಿಕೊಂಡು ಮಲಗುತ್ತದೆ. ಗಣಿತ, ವಿಜ್ಞಾನ, ನಾಲ್ಕು ಭಾಷೆ, ಎಲ್ಲವನ್ನೂ ಪಾಠಗಾರ ಕಲಿಸುತ್ತದೆ. ಪಾಠಗಾರ ಎಂದರೆ ಗೋಡೆಯೊಳಗಿಂದ ಮಾತಾಡುವ ಯಂತ್ರ. ಸರ್ಕಾರ ಅದನ್ನು ಎಲ್ಲ ಶಾಲೆಗಳಿಗೂ ಪುಕ್ಕಟೆ ಕೊಡುತ್ತದೆ. ಅದಕ್ಕೆ ಸಿಟ್ಟು ಬರುವುದಿಲ್ಲ, ನೆಗಡಿ ಬರುವುದಿಲ್ಲ. ಮಕ್ಕಳು ಅದನ್ನು 'ಹಾಡಿದ್ದೇ ಹಾಡೋ ಕಿಸಬಾಯಿ ದಾಸ' ಎಂದು ಚುಡಾಯಿಸಿದರೂ ಅದು ತಿರುಗಿ ಬೈಯುವುದಿಲ್ಲ. ಉಸಿರಾಡುವ ಶಿಕ್ಷಕರು ಶಾಲೆಯಲ್ಲಿ ಇಬ್ಬರೇ: ಚಿತ್ರದವರು ಮತ್ತು ಹಾಡಿನವರು. ಅವರನ್ನು ಸರ್ಕಾರ ಕೊಡುವುದಿಲ್ಲ. ಊರು ಇಟ್ಟುಕೊಂಡಿದೆ. ನಮಗೆ ಊಟ ಪಾಳಿಯ ಮೇಲೆ, ದಿನಕ್ಕೊಂದು ಮನೆಯಲ್ಲಿ. ಇವತ್ತು ಬಾರಕೇರರ ಮನೆಯಲ್ಲಿ ನವಣಕ್ಕಿ ಅನ್ನ, ಕಡ್ಲಿಬ್ಯಾಳಿ ಸಾರು ಉಂಡು ಬಂದಿದ್ದೇನೆ. ಬಣ್ಣವೂ ಹಾಗೆಯೇ, ಮನೆಗೊಂದು ಪಾಲಿಗೆ ಬಂದಿದೆ. ಅರಿಸಿನ ಒಂದು ಮನೆಯದು, ಕೆಮ್ಮಣ್ಣು ಇನ್ನೊಂದರದು, ದೀಪದ ಮಸಿ ಮತ್ತೊಂದರದು. ನೀಲಿ ಮಾಡುವ ಮನೆಯವರಿಗೆ ಸ್ವಲ್ಪ ಜಂಬ ಜಾಸ್ತಿ.

ನಿಮ್ಮನ್ನೂ ಊರೇ ಇಟ್ಟುಕೊಂಡಿತ್ತೆಂದು ಹೇಳುತ್ತಾರೆ. ಸರ್ಕಾರ ಹುದ್ದೆ ತುಂಬದೆ ಹೋದಾಗ ಶಾಲಾ ಸಮಿತಿಯವರು, ಹಳೆಯ ವಿದ್ಯಾರ್ಥಿಗಳು, ಸಂತೆಯ ವ್ಯಾಪಾರಿಗಳು ಸೇರಿ ನಿಮ್ಮನ್ನು ಕರೆತಂದರಂತೆ. ಪರೀಕ್ಷೆ ಹತ್ತಿರ ಬಂದಾಗ ಗಣಿತದ ಮಾಸ್ತರರು ಬಂದು ನಿಮ್ಮ ಪಿರಿಯಡ್ಡನ್ನು ಕೇಳಿ ಪಡೆಯುತ್ತಿದ್ದರಂತೆ, ನೀವು ನಗುತ್ತ ಕೊಟ್ಟು ಹೋಗುತ್ತಿದ್ದಿರಂತೆ. ನಿಜವೇ? ಕೊಟ್ಟ ಮೇಲೆ ಎಲ್ಲಿ ಹೋಗಿ ಕುಳಿತುಕೊಳ್ಳುತ್ತಿದ್ದಿರಿ? ನನಗೆ ಇಂಥವೇ ಪ್ರಶ್ನೆಗಳು. ನನ್ನ ತಾಯಿ ನನ್ನನ್ನು 'ಕದದ ಸಂದಿಯ ಹಲ್ಲಿ' ಎನ್ನುತ್ತಿದ್ದಳು, ಎಲ್ಲದರಲ್ಲೂ ಇಣುಕುತ್ತೇನೆ ಎಂದು. ಈ ಪತ್ರ ಬರೆಯುವಂತಾದದ್ದೂ ಆ ಗುಣದಿಂದಲೇ.

ಪಡಸಾಲೆಯ ಉತ್ತರದ ಗೋಡೆಯ ಮೇಲೆ ನೀವು ಮಕ್ಕಳಿಂದ ಮೊದಲ ಚಿತ್ರ ಬರೆಸಿದ್ದು ಸನ್ ೨೦೨೬ರಲ್ಲಿ. ಮರುವರ್ಷ ಅದರ ಮೇಲೆ ಸುಣ್ಣ ಬಳಿದು ಹೊಸ ಮಕ್ಕಳಿಂದ ಹೊಸ ಚಿತ್ರ ಬರೆಸಿದಿರಿ. ಆ ಪದ್ಧತಿ ಇಂದಿಗೂ ನಿಂತಿಲ್ಲ. ಕೊನೆಯ ಬಿಡುದಿನದಂದು ಹಳೆಯ ಚಿತ್ರವನ್ನು ಮುಚ್ಚುತ್ತೇವೆ. ಹಾಡಿನ ಶಿಕ್ಷಕರು ಮುಚ್ಚುವ ಹಾಡು ಹಾಡಿಸುತ್ತಾರೆ, ಸುಣ್ಣ ಒಣಗಿದ ಮೇಲೆ ಪ್ರತಿ ಮಗುವೂ ತನ್ನ ಪಾಲಿನ ಜಾಗದಲ್ಲಿ ಬರೆಯುತ್ತದೆ. ಈಗ ಅಲ್ಲಿ ನೂರ ಎಂಬತ್ತೆಂಟು ಪದರಗಳಿವೆ, ನಾಲ್ಕು ಬೆರಳು ದಪ್ಪ. ಯಾವುದನ್ನೂ ಕೆರೆಯಬಾರದು, ಫೋಟೊ ತೆಗೆಯಬಾರದು ಎಂಬುದು ಕಟ್ಟಳೆ. ನೀವೇ ವಿಧಿಸಿದ್ದೆಂದು ಊರವರು ಆಣೆ ಮಾಡಿ ಹೇಳುತ್ತಾರೆ. ನನಗೊಂದು ಗುಮಾನಿ. ಅವತ್ತು ಯಾರೋ ಫೋಟೊಕ್ಕೆಂದು ಹಸಿ ಬಣ್ಣಕ್ಕೆ ಬೆನ್ನು ತಾಗಿಸಿ ನಿಂತಿರಬೇಕು, ನೀವು 'ಏಯ್, ಫೋಟೊ ಬ್ಯಾಡ!' ಎಂದು ಗದರಿರಬೇಕು. ಅಷ್ಟನ್ನೇ ನಾವು ನೂರ ಎಂಬತ್ತೆಂಟು ವರ್ಷ ಶಾಸನದಂತೆ ಪಾಲಿಸಿಕೊಂಡು ಬಂದಿದ್ದರೆ, ಮಾಸ್ತರರೇ, ನಮ್ಮಂಥ ಪೆದ್ದರು ಯಾರೂ ಇಲ್ಲ.

ಈ ವರ್ಷ ಗೋಡೆ ಬಿರುಕು ಬಿಟ್ಟಿತು. ಗೌಂಡಿ ಹುಸೇನಸಾಬರು ಬಂದು ಅಂಗೈಯಿಂದ ಬಡಿದು ನೋಡಿ, "ಗ್ವಾಡಿ ಭಾಳ ಉಂಡೈತ್ರಿ ಅಕ್ಕೋರ, ಹೊಟ್ಟಿ ಬಂದೈತಿ" ಎಂದರು. ಕಾಲುಭಾಗವಾದರೂ ಭಾರ ಇಳಿಸಬೇಕು, ಇಲ್ಲದಿದ್ದರೆ ಇನ್ನು ಚಿತ್ರ ಬರೆಸುವುದನ್ನೇ ಬಿಡಬೇಕು ಎಂಬುದು ಅವರ ತೀರ್ಮಾನ. ಊರಸಭೆ ಸೇರಿ ನಿರ್ಧರಿಸಲಿ ಎಂದು ಎಲ್ಲರೂ ಸುಮ್ಮನಾದರು. ಸುಮ್ಮನಿರಲಾರದವಳು ನಾನೊಬ್ಬಳೇ. ಹದಿನೇಳು ವರ್ಷದಿಂದ ಆ ಗೋಡೆಯ ಮುಂದೆ ನಿಂತು ಪಾಠ ಹೇಳುತ್ತಿದ್ದೇನೆ, ಎಲ್ಲಕ್ಕಿಂತ ಕೆಳಗೆ ನೀವು ಬರೆಸಿದ್ದೇನು ಎಂದು ಯೋಚಿಸದ ದಿನವಿಲ್ಲ. ಒಳಗಣ್ಣು ಎಂಬ ಯಂತ್ರವೊಂದಿದೆ, ಮುಚ್ಚಿದ್ದನ್ನು ತೆರೆಯದೆಯೇ ತೋರಿಸುತ್ತದೆ. ಅದನ್ನೂ ತಂದು ಹಿಡಿದಿದ್ದೆ. ಸುಣ್ಣ, ಮಣ್ಣು, ಅರಿಸಿನಗಳ ಗೊಂದಲದಲ್ಲಿ ಅದಕ್ಕೆ ಬರೀ ಬೂದು ಕಂಡಿತು.

ಒಂದು ಮಧ್ಯಾಹ್ನ ಊರು ಮಲಗಿದ್ದಾಗ ನಾನು ಪದರಗತ್ತಿ ತೆಗೆದುಕೊಂಡು ಶಾಲೆಗೆ ಹೋದೆ. ಅದು ಬೆಚ್ಚಗಾಗುವ ತೆಳು ಅಲಗು, ಹಾಲಿನ ಕೆನೆ ಎತ್ತಿದಂತೆ ಒಂದೊಂದೇ ಪದರ ಎಬ್ಬಿಸುತ್ತದೆ. ಎದ್ದ ಪದರ ಮಾತ್ರ ಕೈಯಲ್ಲೇ ಪುಡಿಯಾಗುತ್ತದೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ಎಡತುದಿಯಿಂದ ಮೂರು ಗೇಣು ದೂರ, ಮಕ್ಕಳ ಎದೆಯ ಎತ್ತರದಲ್ಲಿ, ಅಂಗೈ ಅಗಲದ ಜಾಗ ಆರಿಸಿಕೊಂಡೆ. ಒಂದೊಂದನ್ನೂ ನಿಧಾನವಾಗಿ ನೋಡುತ್ತ ಇಳಿಯಬೇಕೆಂದು ಹೊರಟವಳು, ಹತ್ತು ಪದರ ದಾಟುವುದರೊಳಗೆ ಆಸೆಬುರುಕಿಯಾದೆ. ನೋಡದೆ ಕೊರೆದೆ. ತಳ ಮುಟ್ಟಿದಾಗ ಕಂಡದ್ದು ಬಿಳಿಯ ಮೇಲೆ ಒಂದು ಕಂದು ಬಾಗು. ಎಮ್ಮೆಯ ಬೆನ್ನೋ, ತಬಲದ ಅಂಚೋ ತಿಳಿಯಲಿಲ್ಲ. ನನ್ನ ಕಾಲ ಬಳಿ ನೂರ ಎಂಬತ್ತೇಳು ವರ್ಷಗಳ ಪುಡಿ ಬಿದ್ದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಅದೂ ಮರುದಿನ ಬಂತು.

ಮರುದಿನ ಬಂದವರು ದ್ಯಾಮವ್ವ ಕಮ್ಮಾರ. ನನಗಿಂತ ಹಿಂದೆ ಮೂವತ್ತು ವರ್ಷ ಇಲ್ಲಿ ಹಾಡು ಕಲಿಸಿದವರು, ಈಗ ಎಂಬತ್ತೊಂದರ ವಯಸ್ಸು. ಕಣ್ಣು ಮಂಜಾಗಿದೆ. ಅವರ ಒಬ್ಬಳೇ ಮಗಳು ಚನ್ನಿ, ಒಂಬತ್ತು ವರ್ಷದವಳು, ಸನ್ ೨೧೬೩ರ ಬಿಡುದಿನದಲ್ಲಿ ಈ ಗೋಡೆಯ ಮೇಲೆ ಚಿತ್ರ ಬರೆದಳು. ಹನ್ನೊಂದು ದಿನಕ್ಕೆ ಜ್ವರ ಬಂದು ತೀರಿಕೊಂಡಳು. ಒಂದು ವರ್ಷ ಪೂರ್ತಿ ದ್ಯಾಮವ್ವ ಆ ಚಿತ್ರದ ಮುಂದೆ ನಿಂತು ಹೋಗುತ್ತಿದ್ದರಂತೆ. ವರ್ಷ ತುಂಬಿದ ದಿನ ಅದರ ಮೇಲೆ ಸುಣ್ಣ ಬಳಿಯುವಾಗ ಮುಚ್ಚುವ ಹಾಡನ್ನು ಹಾಡಿಸಿದವರೂ ಅವರೇ, ಅದು ಅವರ ಕೆಲಸವಾಗಿತ್ತು. ದನಿ ಒಡೆಯಲಿಲ್ಲ ಎಂದು ಅಂದು ಇದ್ದವರು ಈಗಲೂ ಹೇಳುತ್ತಾರೆ. ಈ ಕತೆ ನನಗೆ ಗೊತ್ತಿತ್ತು. ಜಾಗ ಯಾವುದು ಎಂಬುದು ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಎಲ್ಲವನ್ನೂ ಕೇಳುವ ನಾನು ಕೇಳಬೇಕಾದ ಒಂದನ್ನು ಕೇಳಿರಲಿಲ್ಲ. ಎಡತುದಿಯಿಂದ ಮೂರು ಗೇಣು.

ಅವರು ಗೋಡೆ ಸವರುತ್ತ ಬಂದರು, ಬೆರಳು ತೂತಿನೊಳಗೆ ಇಳಿಯಿತು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಳುತ್ತ ಹೇಳಿದೆ. ಅವರು ಬೈಯಲಿಲ್ಲ. ತೂತಿನ ಅಂಚಿನ ಮೇಲೆ ಬೆರಳಾಡಿಸುತ್ತ, "ಮ್ಯಾಲಿಂದ ಐವತ್ತೊಂದನೇದ್ದು ಯಾವ ಬಣ್ಣ ಐತಿ, ಎಣಿಸಿ ಹೇಳವಾ ಕಸ್ತೂರಿ" ಎಂದರು. ತೂತಿನ ಅಂಚಿನಲ್ಲಿ ಪದರಗಳು ಫೇಣಿಯ ಎಳೆಗಳ ಹಾಗೆ ಕಾಣುತ್ತವೆ. ಸೂಜಿ ಹಿಡಿದು ಎರಡು ಸಲ ಎಣಿಸಿದೆ. ಸುತ್ತಲೂ ಹಸಿರು.

"ಹಸರೇನು? ಸರಿಯಾಗಿ ನೋಡು. ನೀಲಿ ಇರಬೇಕು."

ಮೂರನೆಯ ಸಲ ಎಣಿಸಿದೆ. ಹಸಿರೇ. ಆಗ ಅವರು ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಹೇಳಿದರು. ಚನ್ನಿ ಬರೆದದ್ದು ನೀಲಿ ಸೀರೆ ಉಟ್ಟು ತಂಬೂರಿ ಹಿಡಿದ ತಾಯಿಯನ್ನು. ಹಾಗೆಂದು ಅವರು ಐವತ್ತೊಂದು ವರ್ಷ ನಂಬಿದ್ದಾರೆ, ದಿನಾ ಮಲಗುವ ಮೊದಲು ಆ ಚಿತ್ರವನ್ನು ಮನಸ್ಸಿನಲ್ಲೇ ಒಮ್ಮೆ ನೋಡುತ್ತಾರೆ. ನೋಡಿ ನೋಡಿ ತಾನೇ ಬಣ್ಣ ಬದಲಿಸಿಬಿಟ್ಟೆನೋ, ಅಥವಾ ಆ ವರ್ಷ ಕಣ್ಣೀರಿನಲ್ಲಿ ಏನನ್ನೋ ಏನೋ ಎಂದು ಕಂಡೆನೋ ಎಂದು ತಮ್ಮನ್ನೇ ಕೇಳಿಕೊಂಡರು. ನಾನು, ಹಸಿರು ಹಿಂದಿನ ಹೊಲದ್ದಿರಬಹುದು, ಸೀರೆ ಪಕ್ಕದಲ್ಲಿರಬಹುದು ಎಂದು ಸಮಾಧಾನ ಹೇಳಹೋದೆ. ಅವರು ಕೈ ಎತ್ತಿ ತಡೆದರು. "ಹಂಗಾರ ಏನ್ ಬರದಿದ್ಲು ಆಕಿ? ನನ್ನ ಬರದಿದ್ಲೋ ಇಲ್ಲೋ? ನೋಡೂಣು."

ಊರಸಭೆಯಲ್ಲಿ ಪಟ್ಟು ಹಿಡಿದು ಮಾತಾಡಿದವರು ಅವರೇ. ಮೇಲಿನ ಐವತ್ತು ಪದರ ತೆಗೆಯಿರಿ, ಐವತ್ತೊಂದಕ್ಕೆ ನಿಲ್ಲಿಸಿ. ಹುಸೇನಸಾಬರು ಲೆಕ್ಕ ಹಾಕಿ, ಅಷ್ಟು ಭಾರ ಇಳಿದರೆ ಗೋಡೆ ನಿಲ್ಲುತ್ತದೆ ಎಂದರು. ಒಂದೊಂದು ಪದರವನ್ನೂ ಊರೆಲ್ಲ ನೋಡಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು, ಪ್ರತಿಯೊಬ್ಬರೂ ತಮ್ಮ ಬಾಲ್ಯದ ಚಿತ್ರವನ್ನು ಕೊನೆಯ ಸಲ ಕಾಣಬೇಕು ಎಂದಾಯಿತು. ಬಿಡುದಿನಗಳಲ್ಲಿ ಮೊದಲ ಮೂರು ದಿನ ತೆಗೆಯುವುದು. ನಾಲ್ಕನೆಯ ದಿನ ಚನ್ನಿಯ ವರ್ಷದ ಚಿತ್ರ ನಿಲ್ಲುತ್ತದೆ. ಐದನೆಯ ದಿನ ಎಂದಿನಂತೆ ಸುಣ್ಣ, ಹಾಡು, ಹೊಸ ಮಕ್ಕಳು. ಈ ವರ್ಷ ಬೇಕಾದರೆ ಮುಚ್ಚದೆ ಬಿಡೋಣ ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ದ್ಯಾಮವ್ವ ಒಪ್ಪಲಿಲ್ಲ. "ಒಂದ ದಿನಾ ಸಾಕ್ರೀ. ಈ ವರ್ಷದ ಹುಡುಗ್ರು ಎಲ್ಲಿ ಬರೀಬೇಕು? ಮುಚ್ಚೂದು ನನಗ ರೂಢಿ ಐತಿ."

ನನಗೆ ಇದರಲ್ಲಿ ಸಿಕ್ಕ ಶಿಕ್ಷೆ ನ್ಯಾಯವಾದದ್ದೇ. ಕೆಳಗಿನ ನೂರ ಮೂವತ್ತೇಳು ಪದರಗಳನ್ನು ನನ್ನ ಆಯುಷ್ಯದಲ್ಲಿ ಯಾರೂ ಮುಟ್ಟುವುದಿಲ್ಲ. ಆ ಕಂದು ಬಾಗು ಏನೆಂದು ನಾನು ತಿಳಿಯದೆಯೇ ಸಾಯುತ್ತೇನೆ. ಮಾಡಿದ್ದುಣ್ಣೋ ಮಹಾರಾಯ. ಐದನೆಯ ದಿನ ತೂತಿಗೆ ಗಾರೆ ತುಂಬುವ ಮೊದಲು ಈ ಕಾಗದವನ್ನು ಸುರುಳಿ ಸುತ್ತಿ ಅದರ ತಳಕ್ಕೆ, ನಿಮ್ಮ ಮಕ್ಕಳ ಬಣ್ಣಕ್ಕೆ ತಾಗುವಂತೆ ಇಡುತ್ತೇನೆ. ನಿಮಗೆ ಇದಕ್ಕಿಂತ ಹತ್ತಿರದ ಅಂಚೆಪೆಟ್ಟಿಗೆ ನನಗೆ ಗೊತ್ತಿಲ್ಲ.

ಒಂದು ಕೋರಿಕೆ ಇದೆ. ಮಕ್ಕಳು ಬರೆದು ಮುಗಿಸಿ ಕೈ ತೊಳೆಯುವಾಗ ಒಬ್ಬೊಬ್ಬರನ್ನೇ ಕರೆದು, ಏನು ಬರೆದೆ, ಯಾರನ್ನು ಬರೆದೆ ಎಂದು ಕೇಳಿ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಅವರ ಮನೆಗೆ ಕಳಿಸಿ. ನಾವು ಚಿತ್ರದವರು, ಚಿತ್ರವೇ ಮಾತಾಡುತ್ತದೆ ಎಂದು ನಂಬಿ ಕೇಳುವುದನ್ನು ಬಿಟ್ಟುಬಿಡುತ್ತೇವೆ. ಚನ್ನಿಯನ್ನು ಅಂದಿನ ಶಿಕ್ಷಕರು ಕೇಳಿದ್ದರೆ ಇವತ್ತು ಈ ಮುದುಕಿ ಗೋಡೆಯನ್ನು ಕೇಳಬೇಕಾಗುತ್ತಿರಲಿಲ್ಲ. ನಾನೂ ಹದಿನೇಳು ವರ್ಷ ಯಾವ ಮಗುವನ್ನೂ ಕೇಳಿಲ್ಲ. ಈ ವರ್ಷ ಕೇಳುತ್ತೇನೆ.

ಬೆಳಗಾದರೆ ಕೆಲಸ ಆರಂಭ. ಅಲಗು ಹಿಡಿಯುವುದು ನಾನೇ, ಬೇರೆಯವರ ಕೈಗೆ ಕೊಡಬೇಡ ಎಂದು ದ್ಯಾಮವ್ವನೇ ಹೇಳಿದ್ದಾರೆ. ನಾಲ್ಕನೆಯ ದಿನ ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಬೇಕು. ಅವರ ಕಣ್ಣು ಮಂಜು, ಆದ್ದರಿಂದ ಏನಿದೆಯೋ ನೋಡಿ ಹೇಳಬೇಕಾದವಳು ನಾನು. ಮರವಿದ್ದರೆ ಮರ ಎನ್ನುತ್ತೇನೆ, ಗಿಳಿಯಿದ್ದರೆ ಗಿಳಿ ಎನ್ನುತ್ತೇನೆ. ಸುಳ್ಳು ಹೇಳುವುದಿಲ್ಲ ಎಂದು ಅವರ ಕೈ ಹಿಡಿದು ಮಾತು ಕೊಟ್ಟಿದ್ದೇನೆ. ಆದರೆ ಮಾಸ್ತರರೇ, ಅಲ್ಲಿ ತಂಬೂರಿ ಹಿಡಿದ ಹೆಂಗಸೊಬ್ಬಳು ನಿಂತಿದ್ದು, ಅವಳ ಮುಖವಿರಬೇಕಾದ ಜಾಗದಲ್ಲಿ ನಾನು ಕೊರೆದ ತೂತಿದ್ದರೆ, ಅದನ್ನೂ ನಾನೇ ಹೇಳಬೇಕು.

ಇಂತಿ,
ಕಸ್ತೂರಿ ಹೂಗಾರ
ಊರು ಇಟ್ಟ ಚಿತ್ರಕಲಾ ಶಿಕ್ಷಕಿ, ನೀರಲಕೊಪ್ಪ