ಹಿಂದಿನ ಲಂಗರಿನ ಬ್ರೇಕ್

4 ಜೂನ್ 2025, ಬೆಳಿಗ್ಗೆ 9
ಹಲವಾಗಲು ಊರಿನಿಂದ ರಿಪೇರಿಗೆ ಬಂದ ಪಂಪ್‌ಸೆಟ್ ಅಂಗಡಿಯಲ್ಲಿ ಇನ್ನೂ ಬಿಚ್ಚಿಟ್ಟಂತೆಯೇ ಇದೆ. ಬೇರಿಂಗ್ ದಾವಣಗೆರೆಯಿಂದ ಬರಬೇಕು. ಅಷ್ಟರಲ್ಲಿ ವೈಜಾಗ್‌ನ ನೇವಿ ಆಫೀಸಿನಿಂದ ಫೋನ್. ನಮ್ಮ ಹಡಗು ಮುಂದಿನ ತಿಂಗಳು ರಿಟೈರ್. ಮೂವತ್ತೆಂಟು ವರ್ಷದ ಸರ್ವಿಸ್. ಸ್ಮರಣ ಸಂಚಿಕೆಗೆ ಅದರ ಚರಿತ್ರೆ ಬರೆಯುತ್ತಿದ್ದಾರಂತೆ. ಸುನಾಮಿಯ ಪುಟ ನಾನು ಕೊಡಬೇಕಂತೆ, ಹದಿನೈದರೊಳಗೆ. "ದಾದಾಪೀರ್, ಆವತ್ತು ಡೆಕ್ ಮೇಲೆ ಇದ್ದವನು ನೀನೇ ಅಲ್ವಾ" ಎಂದರು.

ಇದ್ದೆ. ಅದೇ ತೊಂದರೆ.

6 ಜೂನ್
ಬರೆದದ್ದು ಇಷ್ಟು: ಟ್ಯಾಂಕು, ಲಾರಿ ಹೊತ್ತು ನೇರ ಮರಳಿಗೇ ಮೂತಿ ಹತ್ತಿಸುವ ಹಡಗು. ಬಂದರು ಬೇಡ. ಮುಂದಿನ ಬಾಗಿಲು ತೆರೆದರೆ ಇಳಿಯುವುದೇ. 2005 ಜನವರಿ, ನಿಕೋಬಾರ್ — ಟ್ಯಾಂಕಿನ ಜಾಗದಲ್ಲಿ ಅಕ್ಕಿ, ನೀರಿನ ಡ್ರಮ್ಮು, ಜನರೇಟರ್. ವಾಪಸ್ ಬರುವಾಗ ಇನ್ನೂರ ಹನ್ನೊಂದು ಜನ. ಒಬ್ಬ ಅಜ್ಜಿ ಕೋಳಿ ಬಿಟ್ಟು ಹತ್ತುವುದಿಲ್ಲ ಎಂದಳು. ಕೋಳಿಯನ್ನೂ ಹತ್ತಿಸಿದೆವು.

ಇಲ್ಲಿವರೆಗೆ ಸಲೀಸು. ಮುಂದೆ ಜೊತೆಗಾರ ಓಬಳೇಶನ ಕಾಲಿಗೆ ಪೆಟ್ಟಾದ ಮಾತು ಬರುತ್ತದೆ. ಪೆನ್ ಮುಚ್ಚಿದೆ.

7 ಜೂನ್, ಮಧ್ಯಾಹ್ನ
ಬಕ್ರೀದ್. ಕೂಡ್ಲಿಗಿಯಿಂದ ಓಬಳೇಶ್ ಫೋನ್ ಮಾಡಿದ. ಒಂದೇ ವರ್ಷ ನೇವಿ ಸೇರಿದವರು ನಾವು, ಒಂದೇ ಹಡಗು. ಅವನಿಗೂ ಸುದ್ದಿ ಮುಟ್ಟಿದೆ.

"ಲೇ ದಾದಾ, ನಂದೂ ನಾಕು ಸಾಲು ಸೇರಿಸಪ. ನನ್ನ ತಪ್ಪಿನಿಂದ ಲಂಗರಿನ ವೈರ್ ಹರೀತು, ಹಡಗಿನ ಕ್ಷಮೆ ಕೇಳ್ತೀನಿ ಅಂತ ಬರಿ. ನಿನ್ನ ಅಕ್ಷರ ಚಂದ ಅದಾವು."

"ಯಾಕಲೇ ಈಗ ಅದೆಲ್ಲ?"

"ಹಡಗು ಹೊಂಟೈತಿ. ಮನಸಿನ್ಯಾಗ ಇಟ್ಕೊಂಡು ಕಳಸಬಾರ್ದು."

ಹ್ಞೂಂ ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

12 ಜೂನ್
ನಾಲ್ಕು ದಿನ ಏನೂ ಬರೆಯಲಿಲ್ಲ. ಇಲ್ಲಿಯಾದರೂ ಬರೆಯಲೇಬೇಕು.

ದಡ ಹತ್ತುವ ಮೊದಲು ಹಡಗಿನ ಹಿಂಬದಿಯಿಂದ ಲಂಗರು ಬಿಡುತ್ತಾರೆ. ಹಡಗು ಮುಂದೆ ಹೋದಂತೆ ಅದರ ಉಕ್ಕಿನ ಹಗ್ಗ ಬಿಚ್ಚಿಕೊಳ್ಳುತ್ತ ಬರಬೇಕು. ಸಾಮಾನು ಇಳಿಸಿದ ಮೇಲೆ ಅದನ್ನೇ ಎಳೆದುಕೊಂಡು ಹಿಂದೆ ಸರಿಯುವುದು. ಹಗ್ಗ ಸುತ್ತಿದ ಉರುಳೆಯ ಬ್ರೇಕ್ ಓಬಳೇಶನ ಡ್ಯೂಟಿ. ಅವನು ಸರಿಯಾಗಿಯೇ ಸಡಿಲ ಬಿಟ್ಟಿದ್ದ. ಪಕ್ಕದಲ್ಲಿ ಹಾಯುವಾಗ ನಾನು ಬ್ರೇಕಿನ ಚಕ್ರವನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಯಾರೂ ಹೇಳಿರಲಿಲ್ಲ. ಅಬ್ಬಾನ ರಿಪೇರಿ ಅಂಗಡಿಯಲ್ಲಿ ಬೆಳೆದ ಕೈ — ಕಂಡ ನಟ್ಟಿಗೆಲ್ಲ ಇನ್ನೊಂದು ಅರ್ಧ ಸುತ್ತು! ಹಡಗು ಮುಂದೆ ಹೋಯಿತು, ಹಗ್ಗ ಬಿಚ್ಚಿಕೊಳ್ಳಲಿಲ್ಲ; ಹರಿದು ಚಾಟಿಯ ಹಾಗೆ ಅವನ ಎಡಗಾಲಿಗೆ ಬಡಿಯಿತು.

ವಿಚಾರಣೆಯಲ್ಲಿ, ಬ್ರೇಕ್ ಬಿಗಿ ಇತ್ತು, ಓಬಳೇಶನ ಅಜಾಗರೂಕತೆ ಎಂದಾಯಿತು. ಅವನೂ ನಂಬಿದ. "ನಾನೇ ಬಿಗಿ ಮಾಡಿರಬೇಕು ಸಾರ್" ಎಂದ. ನಾನು ಹಿಂದೆಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹೇಡಿ. ಅವನನ್ನು ಮನೆಗೆ ಕಳಿಸಿದರು. ನನಗೆ ಪ್ರಮೋಷನ್...

13 ಜೂನ್
ಪರ್ವೀನ್‌ಗೆ ಹೇಳಿದೆ. ಕಟ್ಟಿಕೊಂಡ ಹೆಂಡತಿಗೆ, ಇಪ್ಪತ್ತು ವರ್ಷದ ಮೇಲೆ! ತಟ್ಟೆ ಕೆಳಗಿಟ್ಟಳು.

"ವರ್ಷಾ ವರ್ಷಾ ಹಬ್ಬಕ್ಕ ಓಬಳೇಶಣ್ಣಾರ ಮನಿಗೆ ಬಿರಿಯಾನಿ ಒಯ್ತಿದ್ರಲ್ಲ, ಅದು ಇದಕ್ಕೇನ್ರಿ?"

ನಾಚಿಕೆಯಾಯಿತು.

"ಇದ್ದದ್ದು ಇದ್ದಂಗ ಬರೀರಿ. ಮೊದ್ಲು ಅವರಿಗೆ ತೋರ್ಸ್ರಿ. ಹಡಗಿನವ್ರಿಗೆ ಆಮ್ಯಾಲೆ."

15 ಜೂನ್, 11.20
ಬರೆದೆ. ಓಬಳೇಶನಿಗೆ ಅಂಗಡಿಗೆ ಬಾ ಎಂದಿದ್ದೆ. ಬಸ್ಸಿಳಿದು ಕುಂಟುತ್ತ ಬಂದ. ತನ್ನ ಕ್ಷಮೆಯ ನಾಲ್ಕು ಸಾಲಿಗೆ ಸಹಿ ಹಾಕಲು ಪೆನ್ ಹಿಡಿದುಕೊಂಡೇ ಕೂತ. ಹಾಳೆ ಕೊಟ್ಟೆ.

11.30
ಓದುತ್ತಿದ್ದಾನೆ. ಮುಖ ನೋಡಲು ಧೈರ್ಯ ಸಾಲದೆ ಇಲ್ಲಿ ಗೀಚುತ್ತಿದ್ದೇನೆ — ಹಡಗಿನ ಲಾಗ್ ಬರೆದ ಚಟ. ಮೊದಲಿಂದ ಮತ್ತೆ ಓದುತ್ತಿದ್ದಾನೆ. ಬೈಯೋ ಮಾರಾಯ. ಹೊಡಿ.

11.40
ಬೈಯಲಿಲ್ಲ. ಹಾಳೆ ಮಡಚಿದ.

"ನಮ್ಮಪ್ಪ ಸಾಯೋ ತನಕ ನನ್ನ ಜೋಡಿ ಮಾತು ಬಿಟ್ಟಿದ್ದ, ದಾದಾ. ಹಡಗು ಕೆಡಿಸಿ ಬಂದಾನ ಅಂತ. ನಾನೂ ಹೌದಪ್ಪಾ ಅಂತಿದ್ದೆ."

ಪೆನ್ನಿಗೆ ಮುಚ್ಚಳ ಹಾಕಿ ಕೇಳಿದ, "ಈಗ ಅವಗ ಯಾರು ಹೇಳ್ಬೇಕಲೇ?"

ಕಾಯುತ್ತಿದ್ದಾನೆ. ಇದನ್ನು ಮುಚ್ಚಿಟ್ಟು ಅವನ ಮುಖ ನೋಡಬೇಕು. ನಾನು—